ಮಾತಾಡದ, ‘ಆಗಲ್ಲ ಬಿಡು’ ಅನ್ನೋ ಹುಡುಗನ ಕಾದಂಬರಿ ಬರೆಯೋದು ಹೇಗೆ: ದಾವಣಗೆರೆಯಿಂದ ಒಂದು ಸಮಗ್ರ ಮಾರ್ಗದರ್ಶಿ

ಭಾನುವಾರ ಬೆಳಿಗ್ಗೆ ಕುಂದುವಾಡ ಕೆರೆ ಹತ್ತಿರ ನಾವು ಏಳೆಂಟು ಜನ ಸೇರುತ್ತೇವೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುತ್ತೇವೆ. ಮೂರು ವರ್ಷದಿಂದ ನಡೆದಿದೆ. ಹದಿಹರೆಯದವರಿಗೆ ಅಂತ ಬರೆದ ಕಾದಂಬರಿಗಳಲ್ಲಿ ಹೆಚ್ಚಿನವು ಒಂದೇ ಥರ ಇರುತ್ತವೆ. ಯಾರ ಜೊತೆಗೂ ಸೇರದ, ಎಲ್ಲದಕ್ಕೂ ‘ಆಗಲ್ಲ ಬಿಡು’ ಅನ್ನುವ ಒಬ್ಬ ಹುಡುಗ ಅಥವಾ ಹುಡುಗಿ. ಹೆಚ್ಚುಕಮ್ಮಿ ಎಲ್ಲವೂ ನಲವತ್ತನೇ ಪುಟದ ಹತ್ತಿರ ಉಸಿರು ಬಿಡುತ್ತವೆ.

ಕಾರಣವೂ ಒಂದೇ. ಹುಡುಗ ಮಾತಾಡಲ್ಲ, ಅದಕ್ಕೆ ಕೂತು ಯೋಚಿಸುತ್ತಾನೆ. ಯೋಚನೆಯೆಲ್ಲ ಕೆಟ್ಟದ್ದೇ, ಅದಕ್ಕೆ ಏಳುವುದಿಲ್ಲ. ಓದುಗ ಎಷ್ಟು ಹೊತ್ತು ಪಕ್ಕದಲ್ಲಿ ಕೂತಿರುತ್ತಾನೆ ಹೇಳಿ? ನನ್ನ ಮೊದಲ ಹಸ್ತಪ್ರತಿ 312 ಪುಟ ಇತ್ತು. ಒಬ್ಬ ಪ್ರಕಾಶಕರು ಅದನ್ನು ವಾಪಸ್ ಕಳಿಸಿದರು. ಮೇಲಿನ ಪುಟದಲ್ಲಿ ಪೆನ್ಸಿಲ್‌ನಲ್ಲಿ ಇಷ್ಟೇ ಬರೆದಿದ್ದರು: ‘ಇವನು ಯಾವಾಗ ಏಳ್ತಾನೆ?’

ಇನ್ನೊಂದು ಮಾತು. ಬಂದ ಹಸ್ತಪ್ರತಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಶುರುವಾಗುವುದು ಕಿಟಕಿಯಿಂದ. ಹೊರಗೆ ಧೋ ಅಂತ ಮಳೆ. ನಮ್ಮ ಊರಿಗೆ ವರ್ಷಕ್ಕೆ ಬೀಳುವುದು ಸುಮಾರು 650 ಮಿಲಿಮೀಟರ್. ಆಗುಂಬೆಯಿಂದ ಸಾಲ ತಂದ ಮಳೆ ಅದು. ಮೊದಲು ಅದನ್ನು ವಾಪಸ್ ಕೊಟ್ಟು ಬನ್ನಿ, ಆಮೇಲೆ ಶುರು ಮಾಡೋಣ.

ಮೊದಲೇ ಜೋಡಿಸಿಕೊಳ್ಳಬೇಕಾದ ಸಾಮಾನು

200 ಪುಟದ ಎರಡು ನೋಟ್‌ಬುಕ್. ಒಂದು ಕಥೆಗೆ, ಇನ್ನೊಂದು ಮೂರನೇ ಹಂತದ ಕೆಲಸಕ್ಕೆ. ನಿಮ್ಮ ಕಥೆ ನಡೆಯುವ ವರ್ಷದ ಗೋಡೆ ಕ್ಯಾಲೆಂಡರ್. ಯಾವ ವಾರ ಯಾವ ಹಬ್ಬ, ಯಾವಾಗ ಪರೀಕ್ಷೆ, ಯಾವಾಗ ರಜೆ ಅನ್ನುವುದು ಅದರಲ್ಲಿ ಸಿಗುತ್ತದೆ. ಟೈಪ್ ಮಾಡುವವರು ಮೊದಲ ದಿನದಿಂದಲೇ, ಎಲ್ಲ ಫೋನು, ಕಂಪ್ಯೂಟರಿನಲ್ಲೂ ಒಂದೇ ಥರ ಕಾಣುವ ಯೂನಿಕೋಡ್‌ನಲ್ಲಿ ಮಾಡಿ. ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ ಆಮೇಲೆ ಬದಲಾಯಿಸಿದರೆ ಒತ್ತಕ್ಷರಗಳು ಅಲ್ಲಲ್ಲಿ ಒಡೆಯುತ್ತವೆ, ಹುಡುಕಿ ಸರಿ ಮಾಡುವಷ್ಟರಲ್ಲಿ ಸಾಕುಬೇಕಾಗುತ್ತದೆ.

ಅಳತೆ ಗೊತ್ತಿರಲಿ. ಈ ವಯಸ್ಸಿನವರ ಕಾದಂಬರಿಗೆ 40ರಿಂದ 45 ಸಾವಿರ ಪದ ಸಾಕು. ಪುಟಕ್ಕೆ 220 ಪದ ಅಂದರೂ ಅಚ್ಚಿನಲ್ಲಿ 200 ಪುಟ ಆಗುತ್ತದೆ. ದಿನಕ್ಕೆ 400 ಪದ ಬರೆದರೆ ನಾಲ್ಕು ತಿಂಗಳೊಳಗೆ ಮೊದಲ ಕರಡು ಕೈಯಲ್ಲಿರುತ್ತದೆ.

ಕೊನೆಯ ಸಾಮಾನು ಹದಿನಾರು ವರ್ಷದ ಒಬ್ಬ ಓದುಗ. ಅವನನ್ನು ಈಗಲೇ ಗೊತ್ತು ಮಾಡಿಟ್ಟುಕೊಳ್ಳಿ, ಕೆಲಸ ಕೊನೆಗೆ.

ಹಂತ 1: ನಾಲ್ಕು ಬೇರೆ ಸ್ವಭಾವಗಳನ್ನು ಬಿಡಿಸಿ ಇಡಿ

ಸಂಕೋಚ, ಅಂತರ್ಮುಖಿ ಸ್ವಭಾವ, ನಿರಾಶಾವಾದ, ಖಿನ್ನತೆ. ಈ ನಾಲ್ಕನ್ನೂ ಒಂದೇ ಚೀಲಕ್ಕೆ ತುಂಬಿಬಿಡುವುದು ಮೊದಲ ತಪ್ಪು. ಬಿಡಿಸುವುದಕ್ಕೆ ನಾನು ಹೇಳಿಕೊಡುವ ಉಪಾಯ ಮದುವೆ ಮನೆ.

ನಿಮ್ಮ ಹುಡುಗನನ್ನು ಒಂದು ಕಲ್ಯಾಣ ಮಂಟಪದ ಒಳಗೆ ಬಿಡಿ. ಸಂಕೋಚದವನು ಬಾಗಿಲ ಹತ್ತಿರ ನಿಂತಿರುತ್ತಾನೆ. ಯಾರಾದರೂ ಕರೆಯಲಿ ಅಂತ ಆಸೆ, ಕರೆದರೆ ಏನು ಮಾತಾಡಲಿ ಅಂತ ಹೆದರಿಕೆ. ಅಂತರ್ಮುಖಿಗೆ ಹೆದರಿಕೆ ಇಲ್ಲ. ಅವನು ನೀರಿನ ಜಗ್ ಹಿಡಿದು ಪಂಕ್ತಿಯಲ್ಲಿ ಬಡಿಸುವುದಕ್ಕೆ ನಿಲ್ಲುತ್ತಾನೆ, ಯಾಕೆಂದರೆ ಕೈಯಲ್ಲಿ ಜಗ್ ಇದ್ದವನನ್ನು ಯಾರೂ ‘ಎಷ್ಟು ಪರ್ಸೆಂಟ್ ಬಂತು’ ಅಂತ ಕೇಳುವುದಿಲ್ಲ. ಎರಡು ಗಂಟೆ ಆದಮೇಲೆ ಸುಸ್ತಾಗಿ ಮೇಲಿನ ಮಹಡಿಗೆ ಹೋಗಿ ಒಬ್ಬನೇ ಕೂರುತ್ತಾನೆ. ನಿರಾಶಾವಾದಿ ಊಟಕ್ಕೆ ಕೂತು ಪಕ್ಕದವನ ಕಿವಿಯಲ್ಲಿ ‘ಮೂರನೇ ಪಂಕ್ತಿಗೆ ಹೋಳಿಗೆ ಮುಗೀತೈತಿ ನೋಡ್ತಿರು’ ಅನ್ನುತ್ತಾನೆ. ಖಿನ್ನತೆ ಇರುವವನು ಮದುವೆಗೆ ಬಂದಿರುವುದೇ ಇಲ್ಲ. ಸ್ನಾನಕ್ಕೆ ಏಳುವುದೂ ಅವನಿಗೆ ಭಾರ.

ಮೊದಲ ಮೂರು ಸ್ವಭಾವ, ನಾಲ್ಕನೆಯದು ಕಾಯಿಲೆ. ನಿದ್ದೆ, ಹಸಿವು, ಹಿಂದೆ ಇಷ್ಟಪಡುತ್ತಿದ್ದ ಕೆಲಸದ ಮೇಲಿನ ಆಸೆ ಇವೆಲ್ಲ ಎರಡು ವಾರಕ್ಕೂ ಹೆಚ್ಚು ಕಾಲ ಕೆಟ್ಟಿದ್ದರೆ ವೈದ್ಯರ ಹತ್ತಿರ ಹೋಗಬೇಕಾದ ಮಾತು ಅದು. ನಿಮ್ಮ ಕಥೆ ಅದರ ಬಗ್ಗೆಯೇ ಆದರೆ ವೈದ್ಯರು, ಔಷಧಿ, ಮನೆಯವರ ಓಡಾಟ ಎಲ್ಲ ಬರಬೇಕು. ಈ ಮಾರ್ಗದರ್ಶಿ ಇರುವುದು ಎರಡನೆಯ ಮತ್ತು ಮೂರನೆಯ ಸ್ವಭಾವ ಎರಡೂ ಒಬ್ಬನಲ್ಲೇ ಸೇರಿದ ಹುಡುಗನ ಬಗ್ಗೆ. ನಮ್ಮ ಕಡೆ ಇಂಥವನನ್ನು ಗುಮ್ಮನಗುಸಕ ಅನ್ನುತ್ತಾರೆ, ಬಾಯಿ ತೆರೆದರೆ ‘ಬರೀ ಅಪಶಕುನ’ ಅಂತಲೂ ಬೈಯುತ್ತಾರೆ.

ಎಚ್ಚರಿಕೆಯ ಗುರುತು: ಬರೆದ ಹತ್ತು ಪುಟದಲ್ಲಿ ಎಲ್ಲಿಯೂ ಓದುಗನಿಗೆ ನಗು ಬರಲಿಲ್ಲ ಅಂದರೆ ನಿಮಗೆ ಗೊತ್ತಿಲ್ಲದೆಯೇ ನಾಲ್ಕನೆಯವನನ್ನು ಬರೆಯುತ್ತಿದ್ದೀರಿ. ನಿರಾಶಾವಾದಿಗಳು ತಮಾಷೆಯ ಜನ.

ಹಂತ 2: ಅವನು ಹೇಳಲಾರದ ಒಂದು ವಾಕ್ಯ ಹುಡುಕಿ

ಕಥೆ ಬರೆಯುವ ಮುಂಚೆ ಮಾಡಬೇಕಾದ ಕೆಲಸ ಇದು. ಹೆಚ್ಚಿನವರು ಇದನ್ನು ಬಿಟ್ಟೇ ಬಿಡುತ್ತಾರೆ. ‘ಅವನಿಗೆ ಏನು ಬೇಕು?’ ಅಂತ ಕೇಳಿದರೆ ‘ಅವನನ್ನು ಯಾರಾದರೂ ಅರ್ಥ ಮಾಡಿಕೊಳ್ಳಬೇಕು’ ಅನ್ನುತ್ತಾರೆ. ಅದು ಎಲ್ಲರಿಗೂ ಬೇಕು, ನಮ್ಮ ಬೀದಿ ನಾಯಿಗೂ ಬೇಕು. ಕಾದಂಬರಿಗೆ ಅದು ಸಾಲದು.

ಮಾತಾಡದವನ ಕಾದಂಬರಿ ಅಂದರೆ ಆಡಬೇಕಾಗಿದ್ದ ಒಂದು ಮಾತಿನ ಕಾದಂಬರಿ. ಆ ಮಾತು ಚಿಕ್ಕದಿರಬೇಕು. ಒಬ್ಬ ನಿರ್ದಿಷ್ಟ ಮನುಷ್ಯನಿಗೆ ಹೇಳಬೇಕಾದದ್ದಾಗಿರಬೇಕು. ಹೇಳುವುದಕ್ಕೆ ಒಂದು ಕೊನೆಯ ದಿನಾಂಕ ಇರಬೇಕು.

ಉದಾಹರಣೆಗೆ ಒಬ್ಬ ಹುಡುಗನನ್ನು ಮಾಡಿಕೊಳ್ಳೋಣ. ಹೆಸರು ಹಾಲೇಶ, ವಯಸ್ಸು ಹದಿನಾರು. ಅಪ್ಪನದು ದಾವಣಗೆರೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುತ್ತಲ ಹಳ್ಳಿಗಳಿಂದ ಸುಟ್ಟ ಪಂಪ್‌ಸೆಟ್ ಮೋಟಾರ್‌ಗಳು ಬರುತ್ತವೆ. ಹಾಲೇಶ ಅಪ್ಪನ ಆಸೆಗೆ ಪಿಯುಸಿ ಸೈನ್ಸ್ ಸೇರಿದ್ದಾನೆ, ಸಂಜೆ ಕೋಚಿಂಗ್ ಬೇರೆ. ಅವನಿಗೆ ಬೇಕಾಗಿರುವುದು ಅಂಗಡಿ. ಹತ್ತನೇ ಕ್ಲಾಸಿನ ಮೇಲೆ ಸೇರಬಹುದಾದ ಮೂರು ವರ್ಷದ ಎಲೆಕ್ಟ್ರಿಕಲ್ ಡಿಪ್ಲೊಮಾ. ಅಪ್ಪನಿಗೋ ಮಗ ಅಂಗಡಿಗೆ ಬರಬಾರದು ಅನ್ನುವುದೇ ಜೀವನದ ಗುರಿ. ‘ನನ್ನ ಕೈ ನೋಡಲೇ, ಈ ವಾರ್ನಿಷ್ ವಾಸನಿ ಸೋಪ್ ಹಾಕಿದ್ರೂ ಹೋಗಲ್ಲ’ ಅನ್ನುವ ಮನುಷ್ಯ.

ಹೇಳಬೇಕಾದ ವಾಕ್ಯ: ‘ಅಪ್ಪಾಜಿ, ನಾನು ಅಂಗಡಿಗೆ ಬರ್ತೀನಿ.’ ನಾಲ್ಕೇ ಪದ. ಡಿಪ್ಲೊಮಾ ಅರ್ಜಿಯ ಕೊನೆಯ ದಿನದೊಳಗೆ ಹೇಳಬೇಕು. ಇನ್ನೂರು ಪುಟ ಇದರ ಮೇಲೆ ನಿಲ್ಲುತ್ತದೆ.

ನಿಮ್ಮ ವಾಕ್ಯವನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿ. ಎಂಟು ಪದಕ್ಕಿಂತ ಉದ್ದ ಆದರೆ ಇನ್ನೂ ಸಿಕ್ಕಿಲ್ಲ ಅಂತಲೇ ಅರ್ಥ.

ಹಂತ 3: ಭವಿಷ್ಯದ ನೋಟ್‌ಬುಕ್ ತುಂಬಿಸಿ

ಈ ಹಂತಕ್ಕೆ ಒಂದು ವಾರ ಕೊಡಿ. ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ.

ನಿರಾಶಾವಾದ ಅಂದರೆ ಬರೀ ಬೇಜಾರು ಅಂದುಕೊಂಡಿರುತ್ತೇವೆ. ಪುಟದ ಮೇಲೆ ಬೇಜಾರನ್ನು ತೋರಿಸುವುದು ಕಷ್ಟ, ತೋರಿಸಿದರೂ ಎರಡನೇ ಸಲಕ್ಕೆ ಸಾಕಾಗುತ್ತದೆ. ಆದರೆ ನಿರಾಶಾವಾದಿ ದಿನವಿಡೀ ಭವಿಷ್ಯ ಹೇಳುತ್ತಿರುತ್ತಾನೆ. ಬಸ್ ಬರಲ್ಲ. ಕರೆಂಟ್ ಹೋಗುತ್ತದೆ. ಅಕ್ಕ ಜಾತ್ರೆಗೆ ಬರಲ್ಲ. ಭವಿಷ್ಯ ಅಂದಮೇಲೆ ಅದು ನಿಜ ಆಗಬೇಕು ಇಲ್ಲವೇ ಸುಳ್ಳಾಗಬೇಕು. ಅಲ್ಲಿ ಕಥೆ ಹುಟ್ಟುತ್ತದೆ.

ಎರಡನೇ ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಗೆರೆ ಹಾಕಿ: ಯಾವ ದಿನ ಹೇಳಿದ, ಏನು ಹೇಳಿದ, ಏನಾಯಿತು, ಅದರಿಂದ ಯಾರಿಗೆ ಏಟು ಬಿತ್ತು. ಇಪ್ಪತ್ತು ಭವಿಷ್ಯ ಬರೆಯಿರಿ. ಎಂಟು ನಿಜ, ಏಳು ಸುಳ್ಳು, ಐದು ಅರ್ಧಂಬರ್ಧ. ಲೆಕ್ಕ ಹೆಚ್ಚುಕಮ್ಮಿ ಆದರೆ ಪರವಾಗಿಲ್ಲ. ಎಲ್ಲ ನಿಜ ಆದರೆ ಕಾದಂಬರಿ ದೂರು ಅರ್ಜಿ ಆಗುತ್ತದೆ, ಎಲ್ಲ ಸುಳ್ಳಾದರೆ ನೀತಿಪಾಠ.

ನಿಜ ಆಗುವ ಒಂದು ಭವಿಷ್ಯ ಹೀಗಿರಬಹುದು. ಜಗಳೂರು ಕಡೆಯ ರೈತರೊಬ್ಬರು ಮೋಟಾರ್ ತಂದು ಇಳಿಸುತ್ತಾರೆ. ಅಪ್ಪ ಮುಚ್ಚಳ ಬಿಚ್ಚುತ್ತಾನೆ. ಹಾಲೇಶ ಬಗ್ಗಿ ನೋಡುತ್ತಾನೆ. ಮೂರು ಗುಂಪಿನ ಕಾಯಿಲ್‌ನಲ್ಲಿ ಎರಡು ಕರ್ರಗೆ ಸುಟ್ಟಿವೆ, ಮೂರನೆಯದು ಹೊಸ ತಾಮ್ರದ ಹಾಗೆ ಹೊಳೆಯುತ್ತಿದೆ. ಕರೆಂಟಿನ ಮೂರು ಫೇಸ್‌ನಲ್ಲಿ ಒಂದು ಹೋಗಿ, ಉಳಿದ ಎರಡರ ಮೇಲೇ ಮೋಟಾರ್ ತಿರುಗುವುದಕ್ಕೆ ಒದ್ದಾಡಿದರೆ ಹೀಗೆ ಸುಡುತ್ತದೆ. ‘ಸ್ಟಾರ್ಟರ್ ಬದಲಿ ಮಾಡದಿದ್ರ ಮತ್ತ ಸುಡ್ತೈತಿ’ ಅನ್ನುತ್ತಾನೆ ಹಾಲೇಶ. ರೈತರ ಮುಖ ಸಣ್ಣದಾಗುತ್ತದೆ. ಅಪ್ಪ ‘ಬಾಯಿ ಮುಚ್ಚಲೇ, ಗಿರಾಕಿ ಮುಂದ ಅಪಶಕುನ ನುಡೀಬ್ಯಾಡ’ ಅಂತ ಗದರುತ್ತಾನೆ. ಇಪ್ಪತ್ತು ದಿನಕ್ಕೆ ಅದೇ ಮೋಟಾರ್ ಮತ್ತೆ ಸುಟ್ಟು ಬರುತ್ತದೆ.

ಈ ಒಂದು ದೃಶ್ಯದಲ್ಲಿ ಎಷ್ಟು ಕೆಲಸ ಆಯಿತು ನೋಡಿ. ಹುಡುಗನ ನಿರಾಶೆ ಬರೀ ಗೊಣಗಾಟ ಆಗಿ ಉಳಿಯಲಿಲ್ಲ. ಯಂತ್ರ ಎಲ್ಲಿ ಕೆಡುತ್ತದೆ ಅಂತ ಮುಂಚೆಯೇ ಕಾಣುವವನಿಗೆ ಆ ಅಂಗಡಿಯಲ್ಲಿ ಬೆಲೆ ಇದೆ ಅಂತ ಓದುಗನಿಗೆ ಗೊತ್ತಾಯಿತು. ಅಪ್ಪನಿಗೂ ಒಳಗೊಳಗೆ ಗೊತ್ತಾಯಿತು, ಒಪ್ಪಲಿಲ್ಲ.

ಸುಳ್ಳಾಗುವ ಭವಿಷ್ಯ ಬರೆಯುವುದು ಇನ್ನೂ ಸೂಕ್ಷ್ಮ. ಒಳ್ಳೆಯದೇ ಆಗಿ ಅವನ ಭವಿಷ್ಯ ಸುಳ್ಳಾದಾಗ ಅವನಿಗೆ ಖುಷಿಯಾಗಬಾರದು, ನೋವಾಗಬೇಕು. ಕೋಚಿಂಗ್ ಪರೀಕ್ಷೆ ದಿನ ಅಪ್ಪ ‘ನಾನೇ ಬಂದು ಕರ್ಕಂಡ್ ಬರ್ತೀನಿ’ ಅಂದಿರುತ್ತಾನೆ. ಹಾಲೇಶ ‘ಇವರೆಲ್ಲಿ ಬರ್ತಾರೆ’ ಅಂತ ಕಾಯದೆ ಸಿಟಿ ಬಸ್ ಹತ್ತಿ ಮನೆಗೆ ಬರುತ್ತಾನೆ. ಒಂಬತ್ತು ಗಂಟೆಗೆ ಅಪ್ಪ ಬರುತ್ತಾನೆ. ಅಂಗಡಿ ಬೇಗ ಮುಚ್ಚಿ ಹೋಗಿದ್ದ. ಕೈಯಲ್ಲಿ ಮಿರ್ಚಿ ಪೊಟ್ಟಣ. ಪೇಪರ್ ಪೂರ್ತಿ ಎಣ್ಣೆ ಕುಡಿದು ಅಕ್ಷರ ಎಲ್ಲ ಆಚೆಯಿಂದ ಕಾಣುತ್ತಿದೆ. ಅಪ್ಪ ಏನೂ ಕೇಳುವುದಿಲ್ಲ. ಪೊಟ್ಟಣವನ್ನು ಅವ್ವನ ಕೈಗೆ ಕೊಟ್ಟು ಕಾಲು ತೊಳೆಯಲು ಹೋಗುತ್ತಾನೆ. ಇಲ್ಲಿಗೆ ಅಧ್ಯಾಯ ನಿಲ್ಲಿಸಿ. ಹುಡುಗನಿಗೆ ಏನನ್ನಿಸಿತು ಅಂತ ಒಂದು ಸಾಲೂ ಬೇಡ.

ಹಂತ 4: ಕೈಗೆ ಕೆಲಸ ಕೊಡಿ

ಮಾತಾಡದವನ ಕೈ ಮಾತಾಡಬೇಕು. ಅವನಿಗೆ ಒಂದು ಕೆಲಸ ಗೊತ್ತಿರಲಿ, ಮತ್ತೆ ಆ ಕೆಲಸ ನಿಮಗೂ ಗೊತ್ತಿರಲಿ. ಚಿತ್ರ ಬರೆಯುವುದು, ಡೈರಿ ಬರೆಯುವುದು, ಗಿಟಾರ್ ನುಡಿಸುವುದು ಈ ಮೂರೂ ಸವೆದು ಹೋಗಿವೆ, ಬಿಟ್ಟುಬಿಡಿ.

ಕೆಲಸದ ಕ್ರಮವನ್ನು ಸ್ಥಳಕ್ಕೇ ಹೋಗಿ ನೋಡಿ ಬರೆದುಕೊಳ್ಳಿ. ವೈಂಡಿಂಗ್ ಆದರೆ, ಮೊದಲು ಸುಟ್ಟ ಕಾಯಿಲ್ ಕತ್ತರಿಸಿ ತೆಗೆಯುತ್ತಾರೆ. ತೆಗೆಯುವಾಗಲೇ ಎಷ್ಟು ಸುತ್ತು ಇತ್ತು ಅಂತ ಎಣಿಸಿ ಬರೆದಿಟ್ಟುಕೊಳ್ಳುತ್ತಾರೆ. ಸಂದುಗಳನ್ನು ಒರೆಸಿ ಒಳಗೆ ಇನ್ಸುಲೇಷನ್ ಪೇಪರ್ ಕೂರಿಸುತ್ತಾರೆ. ಹೊಸ ತಂತಿ ಅಷ್ಟೇ ಸುತ್ತು ಸುತ್ತಿ, ಸಂದಿನಲ್ಲಿ ಇಳಿಸಿ, ದಾರದಿಂದ ಬಿಗಿದು, ವಾರ್ನಿಷ್ ಹಾಕಿ ಒಣಗಿಸುತ್ತಾರೆ. ಎಣಿಕೆ ತಪ್ಪಿದರೆ ಎಲ್ಲ ಬಿಚ್ಚಬೇಕು. ಎಣಿಸುತ್ತಿರುವವನನ್ನು ಯಾರೂ ಮಾತಾಡಿಸುವುದಿಲ್ಲ, ಅದು ಅಂಗಡಿಯ ಅಲಿಖಿತ ನಿಯಮ. ಜನರಿಂದ ತಪ್ಪಿಸಿಕೊಳ್ಳುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಅಡಗುತಾಣ ಬೇಕಾ?

ನಿಮ್ಮ ಹುಡುಗಿಗೆ ಹೂ ಕಟ್ಟುವುದು ಇರಲಿ, ಮಂಡಕ್ಕಿ ಭಟ್ಟಿಯಲ್ಲಿ ಜರಡಿ ಹಿಡಿಯುವುದಿರಲಿ, ಜೆರಾಕ್ಸ್ ಅಂಗಡಿ ಇರಲಿ. ಕ್ರಮ ಗೊತ್ತಿದ್ದರೆ ಸಾಕು.

ಹಂತ 5: ಊರನ್ನು ನಕ್ಷೆ ಹಾಕಿ

‘ಒಂದು ಪುಟ್ಟ ಪಟ್ಟಣದಲ್ಲಿ’ ಅಂತ ಬರೆಯಬೇಡಿ. ಒಂದು ಹಾಳೆ ತೆಗೆದುಕೊಂಡು ಎರಡು ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿ. ಕೆಂಪು, ಅವನು ತಪ್ಪಿಸಿಕೊಳ್ಳಲಾಗದ ಜಾಗಗಳಿಗೆ. ಕೋಚಿಂಗ್‌ನ ಮೂರನೇ ಬೆಂಚು, ಸಿಟಿ ಬಸ್, ಭಾನುವಾರ ಬೆಳಿಗ್ಗೆ ದೋಸೆ ಹೋಟೆಲ್ ಮುಂದಿನ ಗುಂಪು. ನೀಲಿ, ಅವನು ಒಬ್ಬನೇ ಇರಬಲ್ಲ ಜಾಗಗಳಿಗೆ. ಮನೆ ತಾರಸಿ, ಬೆಳಿಗ್ಗೆ ಆರು ಗಂಟೆಯ ಕುಂದುವಾಡ ಕೆರೆ ಏರಿ, ರೈಲ್ವೆ ಸ್ಟೇಷನ್‌ನ ಕೊನೆಯ ಬೆಂಚು. ನಿಮ್ಮ ದೃಶ್ಯಗಳಲ್ಲಿ ಮೂರಕ್ಕೆ ಎರಡು ಕೆಂಪು ಜಾಗದಲ್ಲೇ ನಡೆಯಬೇಕು. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ.

ಚಿತ್ರದುರ್ಗ ಹತ್ತಿರವೇ ಇದೆ, ಸುಮಾರು 60 ಕಿಲೋಮೀಟರ್. ಕಾಲೇಜಿನವರು ಕೋಟೆಗೆ ಕರೆದುಕೊಂಡು ಹೋದರು ಅಂತಿಟ್ಟುಕೊಳ್ಳಿ. ಹೊಸಬರು ಕೂಡಲೇ ಏಳು ಸುತ್ತಿನ ವರ್ಣನೆಗೆ ಇಳಿಯುತ್ತಾರೆ. ಅದು ಬೇಡ. ಹುಡುಗನನ್ನು ಓಬವ್ವನ ಕಿಂಡಿಗೆ ಕಳಿಸಿ. ಅಲ್ಲಿ ಒಬ್ಬೊಬ್ಬರೇ ತೂರಬೇಕು. ಹಿಂದಿನಿಂದ ನಲವತ್ತು ಜನ ‘ಬೇಗ ಹೋಗಲೇ’ ಅಂತ ಕೂಗುತ್ತಿದ್ದಾರೆ, ಮುಂದೆ ಇಬ್ಬರು ಫೋಟೋ ತೆಗೆಯಲು ನಿಂತಿದ್ದಾರೆ. ನಡುವೆ ಕಲ್ಲಿನ ಮಧ್ಯೆ ಇವನೊಬ್ಬನೇ. ಅಲ್ಲಿ ಒಂದು ನಿಮಿಷ ಅವನಿಗೆ ಹಾಯ್ ಅನಿಸುತ್ತದೆ. ಕಲ್ಲು ತಣ್ಣಗಿದೆ, ಯಾರೂ ಮುಖ ನೋಡುತ್ತಿಲ್ಲ. ಇದು ಅವನ ಕೋಟೆ. ಪ್ರವಾಸಿ ಪುಸ್ತಕದ ಕೋಟೆ ಬೇರೆ.

ಸಾಮಾನ್ಯ ತಪ್ಪುಗಳು ಎರಡು. ಒಂದು, ಪ್ರತಿ ಅಧ್ಯಾಯಕ್ಕೂ ಬೆಣ್ಣೆ ದೋಸೆ. ಇಡೀ ಕಾದಂಬರಿಗೆ ಒಂದು ಸಲ ಸಾಕು, ಅದೂ ಅವನಿಗೆ ತಿನ್ನಲು ಮನಸ್ಸಿಲ್ಲದಾಗ. ಎರಡು, ಕ್ಯಾಲೆಂಡರ್ ನೋಡದೆ ಬರೆಯುವುದು. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಸತತ ಎರಡು ವರ್ಷ ಜಾತ್ರೆ ಮಾಡಿಸಿದ ಹಸ್ತಪ್ರತಿ ನಮ್ಮ ಗುಂಪಿಗೇ ಬಂದಿತ್ತು. ಊರಿನವರು ಅಲ್ಲೇ ಪುಸ್ತಕ ಮುಚ್ಚುತ್ತಾರೆ.

ಹಂತ 6: ದನಿ ಸರಿಮಾಡಿಕೊಳ್ಳಿ

‘ನಾನು’ ಅಂತ ಬರೆಯಲೋ ‘ಅವನು’ ಅಂತ ಬರೆಯಲೋ? ಮೊದಲ ಕಾದಂಬರಿಗೆ ‘ನಾನು’ ಅಪಾಯ. ಹುಡುಗನ ಬಾಯಿಂದ ನಲವತ್ತು ವರ್ಷದ ಲೇಖಕ ಮಾತಾಡಲು ಶುರುಮಾಡುತ್ತಾನೆ. ಆದರೂ ‘ನಾನು’ವೇ ಬೇಕು ಅನ್ನುವವರಿಗೆ ಈ ಹೋಲಿಕೆ.

ಕೆಟ್ಟದ್ದು: ‘ನನ್ನ ಬದುಕಿನ ಬಾನಿನಲ್ಲಿ ಸದಾ ಕಾರ್ಮೋಡ. ಈ ಜಗದ ಜಂಜಾಟದಲ್ಲಿ ನಾನೊಬ್ಬ ಏಕಾಂಗಿ. ನನ್ನ ಅಂತರಾಳದ ಕೂಗು ಯಾರಿಗೂ ಕೇಳಿಸದು.’

ಒಳ್ಳೆಯದು: ‘ಗ್ರೂಪ್‌ನಲ್ಲಿ ಯಾರೋ ನನ್ನ ಹುಟ್ಟುಹಬ್ಬಕ್ಕೆ ವಿಶ್ ಮಾಡಿದ್ರು. ಅದರ ಕೆಳಗೆ ಹದಿನಾಲ್ಕು ಜನ ಅದನ್ನೇ ಕಾಪಿ ಮಾಡಿ ಹಾಕಿದ್ರು. ಹೆಸರಿನ ಸ್ಪೆಲ್ಲಿಂಗ್ ತಪ್ಪಿತ್ತು. ಹದಿನಾಲ್ಕರಲ್ಲೂ ಅದೇ ತಪ್ಪು.’

ಎರಡನೆಯದರಲ್ಲಿ ಒಂಟಿತನ ಅನ್ನುವ ಪದವೇ ಇಲ್ಲ. ಎಣಿಸುವ ಅಭ್ಯಾಸ ಇದೆ, ಅದು ಅಂಗಡಿಯಿಂದ ಬಂದದ್ದು. ಈಗಿನ ಹುಡುಗರ ಮೌನದ ಬಗ್ಗೆ ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ತುಟಿ ಬಿಚ್ಚದವನು ಫೋನ್‌ನಲ್ಲಿ ಮಾತಾಡುತ್ತಿರಬಹುದು. ಟೈಪ್ ಮಾಡಿ, ಓದಿ, ಅಳಿಸಿ, ಮತ್ತೆ ಟೈಪ್ ಮಾಡಿ, ಕೊನೆಗೆ ಬರೀ ಒಂದು ಹೆಬ್ಬೆರಳು ಕಳಿಸುತ್ತಾನೆ. ಅಳಿಸಿದ್ದನ್ನು ಬರೆಯಿರಿ. ಆಡದ ಮಾತುಗಳೆಲ್ಲ ಅಲ್ಲಿವೆ.

ಮಾತಿನ ಕನ್ನಡಕ್ಕೆ ಬಂದರೆ, ನಮ್ಮದು ಎರಡು ಸೀಮೆಯ ಮಧ್ಯದ ಊರು. ಹರಿಹರದಾಚೆ ‘ಐತಿ’ ಜೋರು, ಚಿತ್ರದುರ್ಗದ ಕಡೆ ‘ಐತೆ’ ಜೋರು, ದಾವಣಗೆರೆಯಲ್ಲಿ ಎರಡೂ ಕಿವಿಗೆ ಬೀಳುತ್ತವೆ. ಅಪ್ಪನಿಗೆ ಒಂದು, ಕೋಚಿಂಗ್ ಮೇಷ್ಟ್ರಿಗೆ ಇನ್ನೊಂದು ಕೊಡಿ, ಆದರೆ ಕೊನೆಯವರೆಗೂ ಅದನ್ನೇ ಇಡಿ. ನಿರೂಪಣೆ ಮಾಮೂಲಿ ಕನ್ನಡದಲ್ಲೇ ಇರಲಿ. ಸಂಭಾಷಣೆ ಬರೆಯುವ ಮುಂಚೆ ಅಂಗಡಿಯಲ್ಲಿ ಅರ್ಧ ಗಂಟೆ ಕೂತು ಕೇಳಿ. ರೆಕಾರ್ಡ್ ಮಾಡುವುದಾದರೆ ಅವರನ್ನು ಕೇಳಿಯೇ ಮಾಡಿ.

ಹಂತ 7: ಸುತ್ತಲಿನವರು

ಇಲ್ಲಿ ಬೇಗ ಮುಗಿಸುತ್ತೇನೆ, ಯಾಕೆಂದರೆ ಮಾಡಬಾರದ್ದೇ ಜಾಸ್ತಿ. ಅವನನ್ನು ‘ಬದಲಾಯಿಸಲು’ ಬೇರೆ ಊರಿಂದ ಬರುವ, ಪಟಪಟ ಮಾತಾಡುವ ಹುಡುಗಿ ಬೇಡ. ಒಂದೇ ಭಾಷಣದಲ್ಲಿ ಕಣ್ಣು ತೆರೆಸುವ ಮೇಷ್ಟ್ರು ಬೇಡ. ಕಾರಣ ಇಲ್ಲದೆ ಹೊಡೆಯುವ ಅಪ್ಪ ಬೇಡ.

ಅಪ್ಪನ ಲೆಕ್ಕವನ್ನು ಒಂದು ಪುಟದಲ್ಲಿ ಬರೆದುಕೊಳ್ಳಿ. ಕೋಚಿಂಗ್ ಫೀಸಿಗೆ ಎಲ್ಲಿ ಸಾಲ ಮಾಡಿದ, ಅದನ್ನು ತೀರಿಸಲು ಎಷ್ಟು ಮೋಟಾರ್ ಕಟ್ಟಬೇಕು. ಆ ಪುಟ ಕಾದಂಬರಿಗೆ ಬರಬೇಕಾಗಿಲ್ಲ. ಆದರೆ ಅದು ನಿಮ್ಮ ಹತ್ತಿರ ಇದ್ದರೆ ಅಪ್ಪ ಖಳನಾಯಕ ಆಗುವುದಿಲ್ಲ. ಜೊತೆಗೆ ಒಬ್ಬ ಕಡಿಮೆ ಮಾತಿನ ಸ್ನೇಹಿತ ಇರಲಿ. ಇಬ್ಬರು ಮಾತಾಡದವರು ಒಂದೇ ಬೆಂಚಿನಲ್ಲಿ ಕೂತು ಒಂದು ಪೊಟ್ಟಣ ಮಂಡಕ್ಕಿ ಖಾಲಿ ಮಾಡುವುದನ್ನು ಬರೆದು ನೋಡಿ, ನಿಮಗೇ ಖುಷಿಯಾಗುತ್ತದೆ.

ಹಂತ 8: ಅಧ್ಯಾಯ ಜೋಡಿಸಿ

ಈಗ ಎರಡನೇ ಹಂತದ ಚೀಟಿಯನ್ನೂ ಮೂರನೇ ಹಂತದ ನೋಟ್‌ಬುಕ್ಕನ್ನೂ ಪಕ್ಕಪಕ್ಕ ಇಡಿ. ಆ ವಾಕ್ಯ ಹೇಳಲು ಹುಡುಗ ಮೂರು ಸಲ ಪ್ರಯತ್ನ ಮಾಡಬೇಕು, ಮೂರೂ ಸಲ ಬೇರೆ ಬೇರೆ ರೀತಿ ಕೆಡಬೇಕು.

ಮೊದಲ ಸಲ, ಮೂವತ್ತನೇ ಪುಟದೊಳಗೆ. ಊಟಕ್ಕೆ ಕೂತಾಗ ‘ಅಪ್ಪಾಜಿ’ ಅನ್ನುತ್ತಾನೆ, ಅಷ್ಟರಲ್ಲಿ ಫೋನ್ ಬರುತ್ತದೆ, ಯಾರದೋ ಮೋಟಾರ್ ಅರ್ಜೆಂಟು. ಎರಡನೇ ಸಲ, ಅರ್ಧ ದಾರಿಯಲ್ಲಿ. ಬಿಲ್ ಪುಸ್ತಕದ ಹಾಳೆ ಹಿಂದೆ ಬರೆದು ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ. ಅವ್ವ ಅಂಗಿ ಒಗೆಯುತ್ತಾಳೆ. ಚೀಟಿ ಮುದ್ದೆಯಾಗಿ ಒಣಗಿದೆ. ಅವ್ವ ಅದನ್ನು ಬಿಸಾಡದೆ ಕಿಟಕಿ ಕಟ್ಟೆ ಮೇಲೆ ಇಟ್ಟಿದ್ದಾಳೆ. ಓದಿದಳೋ ಇಲ್ಲವೋ ಹೇಳಬೇಡಿ. ಮೂರನೇ ಸಲ ತಪ್ಪು ಮನುಷ್ಯನಿಗೆ ಹೇಳಿಬಿಡುತ್ತಾನೆ, ಕೋಚಿಂಗ್ ಫೀಸು ಕೊಟ್ಟ ಮಾವನಿಗೆ. ಆಮೇಲೆ ಮನೆಯಲ್ಲಿ ರಂಪ.

ಕೊನೆಗೆ ಹೇಳಬೇಕಾದಾಗ ಭಾಷಣ ಮಾಡಿಸಬೇಡಿ. ನಾನಾದರೆ ಹೀಗೆ ಮಾಡುತ್ತೇನೆ. ಕಟ್ಟಿ ಮುಗಿಸಿದ ಮೋಟಾರನ್ನು ಅಪ್ಪ ಟೆಸ್ಟ್‌ಗೆ ಹಾಕಿದ್ದಾನೆ. ಅದು ಗುಂಯ್ ಅಂತ ತಿರುಗುತ್ತಿದೆ. ಆ ಸದ್ದಿನಲ್ಲಿ ಹಾಲೇಶ ವಾಕ್ಯ ಹೇಳಿಬಿಡುತ್ತಾನೆ, ಕೇಳಿಸಲ್ಲ ಅನ್ನುವ ಧೈರ್ಯದಲ್ಲಿ. ಅಪ್ಪ ಸ್ವಿಚ್ ಆರಿಸುತ್ತಾನೆ. ‘ಏನಂದೆ?’ ಈಗ ಎರಡನೇ ಸಲ ಹೇಳಬೇಕು, ಸದ್ದಿಲ್ಲದೆ ಇರುವ ಅಂಗಡಿಯಲ್ಲಿ.

ಸ್ವಭಾವ ಬದಲಾಗಬಾರದು. ಕೊನೇ ಪುಟದಲ್ಲೂ ಅವನು ‘ಸೀಟ್ ಸಿಗಲ್ಲ ಬಿಡಿ’ ಅನ್ನುವ ಹುಡುಗನೇ. ಆದರೆ ಅರ್ಜಿ ತುಂಬಿರುತ್ತಾನೆ.

ಹಂತ 9: ಕತ್ತಲೆಯ ಭಾಗವನ್ನು ಎಚ್ಚರದಿಂದ ಬರೆಯಿರಿ

ಇಂಥ ಕಾದಂಬರಿಗೆ ಕೊನೆ ಸಿಗದೆ ಹೋದಾಗ ಹೊಸ ಲೇಖಕರು ಹುಡುಗನನ್ನು ಸಾಯಿಸುತ್ತಾರೆ. ದಯವಿಟ್ಟು ಬೇಡ. ನಿಮ್ಮ ಓದುಗರಲ್ಲಿ ಅದೇ ಯೋಚನೆಯಲ್ಲಿ ಇರುವವನೊಬ್ಬ ಇರಬಹುದು.

ಕಥೆಗೆ ಆತ್ಮಹತ್ಯೆಯ ವಿಷಯ ಬರಲೇಬೇಕಾದರೆ ಮೂರು ಕಟ್ಟುನಿಟ್ಟು. ವಿಧಾನ ಬರೆಯಬಾರದು. ಅದನ್ನು ಸಮಸ್ಯೆಗೆ ಉತ್ತರ ಅಂತಲೋ, ಬೇರೆಯವರಿಗೆ ಕಲಿಸಿದ ಪಾಠ ಅಂತಲೋ ತೋರಿಸಬಾರದು. ಸಹಾಯ ಕೇಳಿದ, ಸಹಾಯ ಸಿಕ್ಕಿದ ಒಬ್ಬ ಮನುಷ್ಯನಾದರೂ ಕಥೆಯಲ್ಲಿ ಇರಬೇಕು. ಪುಸ್ತಕದ ಕೊನೆಯಲ್ಲಿ ಟೆಲಿ ಮಾನಸ್ ಸಹಾಯವಾಣಿ ಸಂಖ್ಯೆ 14416 ಹಾಕಿ. ಕರೆ ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಇದು ನಿಮಗೂ ಅನ್ವಯ. ಬರೆಯುತ್ತಾ ಬರೆಯುತ್ತಾ ನಿಮ್ಮ ನಿದ್ದೆಯೇ ಕೆಡುತ್ತಿದ್ದರೆ ನೋಟ್‌ಬುಕ್ ಮುಚ್ಚಿ, ಮನೆಯವರಿಗೆ ಹೇಳಿ, ಅದೇ ಸಂಖ್ಯೆಗೆ ಕರೆ ಮಾಡಿ. ಕಾದಂಬರಿ ಕಾಯುತ್ತದೆ.

ಹಂತ 10: ತಿದ್ದಿ, ಆಮೇಲೆ ಓದಿಸಿ

ಕರಡು ಮುಗಿದ ಮೇಲೆ ಹದಿನೈದು ದಿನ ಮುಟ್ಟಬೇಡಿ. ಆಮೇಲೆ ಕಂಪ್ಯೂಟರ್‌ನಲ್ಲಿ ಈ ಪದಗಳನ್ನು ಹುಡುಕಿ: ಅನಿಸಿತು, ಯೋಚಿಸಿದ, ನಿಟ್ಟುಸಿರು, ಮೌನ, ಕಿಟಕಿ. ಪ್ರತಿಯೊಂದೂ ಎಷ್ಟು ಸಲ ಇದೆ ಅಂತ ಬರೆದುಕೊಳ್ಳಿ, ಮುಕ್ಕಾಲು ಭಾಗ ಹೊಡೆದು ಹಾಕಿ. ನನ್ನ 312 ಪುಟದಲ್ಲಿ ‘ನಿಟ್ಟುಸಿರು’ 58 ಸಲ ಇತ್ತು. ಅಷ್ಟು ಉಸಿರು ಬಿಟ್ಟರೆ ಯಾರಿಗಾದರೂ ತಲೆ ಸುತ್ತುತ್ತದೆ.

ನಂತರ ಜೋರಾಗಿ ಓದಿ. ಎಲ್ಲಿ ನಿಮಗೇ ಓದಲು ನಾಚಿಕೆಯಾಗುತ್ತದೋ ಅಲ್ಲಿ ಲೇಖಕ ಬಾಯಿ ಹಾಕಿರುತ್ತಾನೆ.

ಪ್ರಕಟಣೆಯ ಬಗ್ಗೆ ಇಷ್ಟು ಸಾಕು. ಭಾರತದಲ್ಲಿ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಉಚಿತವಾಗಿ ಸಿಗುತ್ತದೆ. ಅದಕ್ಕೇ ಅಂತ ದುಡ್ಡು ಕೇಳುವವರಿಂದ ದೂರ ಇರಿ. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನದ ಯೋಜನೆ ಇದೆ, ಅರ್ಜಿ ಕರೆದಾಗ ವಯಸ್ಸಿನ ಷರತ್ತು ಓದಿಕೊಂಡು ಹಾಕಿ. ಆದರೆ ಇದೆಲ್ಲ ಆ ಹದಿನಾರು ವರ್ಷದ ಓದುಗ ಓದಿದ ಮೇಲೆ.

ಅವನಿಗೆ ಪ್ರಿಂಟ್ ತೆಗೆದು ಕೊಡಿ, ಜೊತೆಗೆ ಒಂದು ಪೆನ್ಸಿಲ್. ‘ಹೇಗಿದೆ?’ ಅಂತ ಮಾತ್ರ ಕೇಳಬೇಡಿ, ‘ಚೆನ್ನಾಗೈತಿ ಅಂಕಲ್’ ಅಂತ ಹೇಳಿ ಓಡಿಹೋಗುತ್ತಾನೆ. ಕೇಳಬೇಕಾದ ಪ್ರಶ್ನೆ ಮೂರು. ಎಲ್ಲಿ ಓದುವುದು ನಿಲ್ಲಿಸಿದೆ? ಯಾವ ಮಾತು ನಿಮ್ಮ ಕ್ಲಾಸಿನಲ್ಲಿ ಯಾರೂ ಆಡಲ್ಲ? ಇವನು ನಿನ್ನ ಪಕ್ಕದ ಬೆಂಚಿನಲ್ಲಿ ಇದ್ದಿದ್ದರೆ ಮಾತಾಡಿಸುತ್ತಿದ್ದೆಯಾ? ಉತ್ತರಕ್ಕೆ ಎದುರು ವಾದ ಮಾಡಬೇಡಿ, ಬರೆದುಕೊಳ್ಳಿ.

ನನ್ನ ಎರಡನೇ ಕಾದಂಬರಿಯ ಕರಡನ್ನು ನಮ್ಮ ಬೀದಿಯ ಹುಡುಗನೊಬ್ಬನಿಗೆ ಕೊಟ್ಟಿದ್ದೆ. ಹತ್ತು ದಿನಕ್ಕೆ ವಾಪಸ್ ತಂದ. 61ನೇ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆದು ಬರೆದಿದ್ದ: ‘ಇಲ್ಲಿ ಊಟಕ್ಕೆ ಎದ್ದೆ. ಆಮೇಲೆ ಮರೆತೆ.’ ಅವನು ಹೋದಮೇಲೆ ಆ ಪುಟ ತೆಗೆದು ನೋಡಿದೆ. ಕಿಟಕಿ ಇತ್ತು. ಮಳೆಯೂ ಇತ್ತು.